ಕಾಲುಪೇಟಿ ರಿಪೇರಿ: ಗಾಳಿ ಮೊದಲು, ಸ್ವರ ಆಮೇಲೆ

ಶಿರಸಿ ಕಡೆಯ ಒಂದು ಹಳೇ ಮನೆಯ ಅಟ್ಟದಿಂದ ಕಾಲುಪೇಟಿ ಇಳಿಸಿ ಕಾರವಾರಕ್ಕೆ ತಂದು ಆರು ತಿಂಗಳಾಯಿತು. ಕಾಲುಪೇಟಿ ಗೊತ್ತಲ್ವಾ? ಕಂಪನಿ ನಾಟಕದಲ್ಲಿ ರಂಗದ ಮುಂದೆ ಕೂತು, ಕಾಲಲ್ಲಿ ಪೆಡಲ್ ತುಳಿಯುತ್ತಾ ಎರಡೂ ಕೈಯಲ್ಲಿ ನುಡಿಸುವ ಲೆಗ್ ಹಾರ್ಮೋನಿಯಂ. ಮಾರಿಕಾಂಬಾ ಜಾತ್ರೆಗೆ ಹೋದಾಗ ಚಿಕ್ಕಂದಿನಲ್ಲಿ ನಾನು ನಾಟಕಕ್ಕಿಂತ ಜಾಸ್ತಿ ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಹಾಗಾಗಿ ಮಾರುತ್ತಾರೆ ಅಂತ ಕೇಳಿದ ದಿನವೇ ಹೋದೆ.

ಮನೆಗೆ ತಂದು ತುಳಿದರೆ ಬುಸ್ ಅನ್ನುವ ಶಬ್ದ ಬಿಟ್ಟು ಬೇರೇನಿಲ್ಲ. ಒಂದೆರಡು ಮನೆ (ಬೆರಳಲ್ಲಿ ಒತ್ತುವ ಕೀ) ಒತ್ತಿದಾಗ ಮಾತ್ರ ಸಣ್ಣಗೆ ಸ್ವರ ಬಂತು. ಸ್ವರವೇ ಕೆಟ್ಟಿದೆ ಅಂದುಕೊಂಡು, ಯಾರನ್ನೂ ಕೇಳದೆ, ಒಂದು ರೀಡಿನ, ಅಂದರೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಯ, ತುದಿಯನ್ನು ಬ್ಲೇಡಿನಲ್ಲಿ ಕೆರೆದೆ. ಅದು ತಪ್ಪು. ಪೇಟಿ ಬಿಚ್ಚಲು ಹೊರಟವರು ಇದೊಂದನ್ನು ಮಾತ್ರ ಮಾಡಬೇಡಿ.

ನಮ್ಮ ಬೀದಿಯಲ್ಲಿ ಹಿಂದೆ ನಾಟಕಕ್ಕೆ ನುಡಿಸುತ್ತಿದ್ದ ಪೇಟಿ ಮಾಸ್ತರರಿದ್ದಾರೆ. ಅವರು ಬಂದು ನೋಡಿ ಹೇಳಿದ್ದು ಇಷ್ಟೇ: "ತಮಾ, ಸ್ವರ ಆಮೇಲೆ. ಮೊದಲು ಗಾಳಿ ಎಲ್ಲಿ ಹೋಗ್ತದೆ ನೋಡು."

ಪೆಡಲ್ ತುಳಿದಾಗ ಕೆಳಗಿನ ತಿದಿಗಳು ಗಾಳಿಯನ್ನು ಮೇಲಿನ ದೊಡ್ಡ ತಿದಿಗೆ ತಳ್ಳುತ್ತವೆ. ಸ್ಪ್ರಿಂಗು ಅದನ್ನು ಒಂದೇ ಸಮ ಒತ್ತುತ್ತದೆ. ಮನೆ ಒತ್ತಿದರೆ ಅದರ ಮುಚ್ಚಳ ಏಳುತ್ತದೆ, ಗಾಳಿ ಹಿತ್ತಾಳೆಯ ನಾಲಿಗೆಯನ್ನು ನಡುಗಿಸುತ್ತಾ ಹೊರಗೆ ಬರುತ್ತದೆ. ದಾರಿಯಲ್ಲಿ ಎಲ್ಲೇ ಸೋರಿದರೂ ನಾಲಿಗೆಗೆ ಸಿಗುವುದು ಕಡಿಮೆ. ಫ್ರಾನ್ಸಿನ ವಾದ್ಯ ತಯಾರಕ ಡೆಬೈನ್ 1842ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕೂಡ ಕಾಲಲ್ಲಿ ತುಳಿಯುವಂಥದ್ದೇ. ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಆಮೇಲೆ ಕಲ್ಕತ್ತೆಯಲ್ಲಿ ಬಂತು.

ಮಾಸ್ತರರು ಕಲಿಸಿದ ಪರೀಕ್ಷೆ ಸುಲಭ. ಎಲ್ಲಾ ಸ್ಟಾಪ್ (ರೀಡಿಗೆ ಗಾಳಿ ಬಿಡುವ ಗುಂಡಿಗಳು) ಮುಚ್ಚಿ, ತಿದಿ ತುಂಬಿ, ಕಾಲು ತೆಗೆದು ಎಣಿಸಬೇಕು. ನಮ್ಮದು ಎರಡು ಅನ್ನುವಷ್ಟರಲ್ಲಿ ಕುಸಿಯಿತು. ಫ್ಯಾನ್ ಆರಿಸಿ, ಕಿಟಕಿ ಹಾಕಿ, ಒಬ್ಬರು ತುಳಿಯುವಾಗ ಇನ್ನೊಬ್ಬರು ಊದುಬತ್ತಿಯನ್ನು ಪ್ರತಿ ಅಂಚಿಗೂ ಹಿಡಿದುಕೊಂಡು ಹೋಗಬೇಕು. ಹೊಗೆ ನೆಟ್ಟಗೆ ಏಳುತ್ತಿದ್ದರೆ ಆ ಜಾಗ ಸರಿ ಇದೆ, ಪಕ್ಕಕ್ಕೆ ಚದುರಿದರೆ ಅಲ್ಲಿ ಸೋರುತ್ತಿದೆ. ಅಮ್ಮ ತುಳಿದರು, ನಾನು ಚದುರಿದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ತಿದಿಯ ನಾಲ್ಕೂ ಮೂಲೆ, ಹಲಗೆಯಲ್ಲಿ ಗೆದ್ದಲು ಕೊರೆದ ಒಂದು ತೂತು, ಮತ್ತೆ ಒಳಗೆ ಬಂದ ಗಾಳಿ ವಾಪಸ್ ಹೋಗದಂತೆ ತಡೆಯುವ ತೊಗಲಿನ ಪಟ್ಟಿಗಳು. ಅವು ಒಣಗಿ ಹಪ್ಪಳದ ಹಾಗೆ ಮುದುಡಿದ್ದವು.

ಹುಬ್ಬಳ್ಳಿಯಿಂದ ಮೆತ್ತನೆಯ ಕುರಿ ತೊಗಲು ತರಿಸಿದೆ. ನಾನು ಫೆವಿಕಾಲ್ ತೆಗೆದರೆ ಮಾಸ್ತರರು ಬೇಡ ಅಂದರು. ತೊಗಲು ಬೇಯಿಸಿ ಮಾಡುವ ಹಳೇ ಕಾಲದ ಅಂಟು ಬಿಸಿಗೆ, ನೀರಿಗೆ ಬಿಡುತ್ತದೆ, ಹಾಗಾಗಿ ಮುಂದೆ ರಿಪೇರಿ ಮಾಡುವವರು ಹಲಗೆ ಹಾಳು ಮಾಡದೆ ಬಿಚ್ಚಬಹುದು. ನಮ್ಮ ಮಳೆಗಾಲದ ತೇವಕ್ಕೂ ಅದು ಬಿಡಬಹುದಲ್ಲ ಅಂತ ನನಗೆ ಹೆದರಿಕೆ ಇತ್ತು. ಆದರೂ ಅದನ್ನೇ ಹಚ್ಚಿದೆ. ಇಷ್ಟು ವರ್ಷ ಅಟ್ಟದಲ್ಲಿದ್ದ ಪೇಟಿಯ ಹಳೇ ಅಂಟು ಎಷ್ಟೋ ಕಡೆ ಇನ್ನೂ ಗಟ್ಟಿಯಾಗೇ ಇತ್ತು. ಪ್ರತಿ ಮೂಲೆಗೆ ಒಂದು ಭಾನುವಾರ ಹೋಯಿತು.

ಎಲ್ಲಾ ಮುಗಿಸಿ ತಿದಿ ತುಂಬಿ ಎಣಿಸಿದರೆ ಹದಿನೆಂಟರವರೆಗೆ ನಿಂತಿತು!

ಆಮೇಲೆ ಮನೆ ಒತ್ತಿದರೆ, ಸತ್ತೇ ಹೋಗಿವೆ ಅಂದುಕೊಂಡ ಸ್ವರಗಳೆಲ್ಲ ತಾವಾಗೇ ಬಂದವು. ಮೂರೂವರೆ ಸಪ್ತಕ, 42 ಮನೆ, ಖರ್ಜ (ತಗ್ಗಿನ ಸ್ವರ), ನರ (ಅದಕ್ಕಿಂತ ಮೇಲಿನ ಸ್ವರ) ಅಂತ ರೀಡಿನ ಎರಡು ಸಾಲು, ಒಟ್ಟು 84 ರೀಡು. 13 ಮಾತ್ರ ಮೂಕಾಗಿದ್ದವು. ನಾಲಿಗೆಯ ಕೆಳಗೆ ತೆಳ್ಳನೆಯ ಕಾಗದ ತೂರಿಸಿ ಮೆಲ್ಲಗೆ ಎಳೆದಾಗ ಧೂಳು, ಹಸಿರು ಕಿಲುಬು ಹೊರಬಂದು ಅದರಲ್ಲೂ ಹತ್ತು ಸರಿಹೋದವು. ಉಳಿದ ಮೂರರ ನಾಲಿಗೆ ಸೀಳಿದೆ. ಗುಜರಾತಿನ ಪಾಲಿತಾಣದಲ್ಲಿ ರೀಡು ಮಾಡುವವರಿದ್ದಾರೆ, ಅಲ್ಲಿಂದ ತರಿಸಬೇಕು.

ನಾನು ಕೆರೆದ ರೀಡು ಈಗ ಜೋರಾಗಿ ನುಡಿಯುತ್ತದೆ, ಆದರೆ ಸ್ವರ ಮೇಲೆ ಹೋಗಿದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೋದ ಹಿತ್ತಾಳೆಯಂತೂ ವಾಪಸ್ ಬರುವುದಿಲ್ಲ. ಬುಡ ಕೆರೆದು ಇಳಿಸುವ ಕೆಲಸವನ್ನು ಮಾಸ್ತರರಿಗೇ ಬಿಟ್ಟಿದ್ದೇನೆ.

ಕಾರವಾರದ ಕಡಲತೀರಕ್ಕೆ ಟಾಗೋರರ ಹೆಸರಿದೆ. ಅವರಿಗೆ ಹಾರ್ಮೋನಿಯಂ ಕಂಡರೆ ಆಗುತ್ತಿರಲಿಲ್ಲ. ಆಕಾಶವಾಣಿಯೂ 1940ರಲ್ಲಿ ಅದನ್ನು ಹೊರಗಿಟ್ಟು, 1971ರಲ್ಲಿ ಮತ್ತೆ ಒಳಗೆ ಬಿಟ್ಟಿತು. ಸ್ವರದಿಂದ ಸ್ವರಕ್ಕೆ ಜಾರಲು ಅದಕ್ಕೆ ಬರುವುದಿಲ್ಲ ಅನ್ನುವ ದೂರು ನಿಜವೇ. ಆದರೆ ಮೈಕ್ ಇಲ್ಲದ ಕಾಲದಲ್ಲಿ ನಾಟಕದ ಟೆಂಟಿನ ಹಿಂದಿನ ಸಾಲಿಗೂ ಸ್ವರ ಮುಟ್ಟಬೇಕಿತ್ತು, ಅದನ್ನು ಮುಟ್ಟಿಸಿದ್ದು ಕಾಲುಪೇಟಿ. ನನಗೆ ಅದು ದೊಡ್ಡದು.

ಮೊನ್ನೆ ಸಂಜೆ ಮಾಸ್ತರರು ಕೂತು ನುಡಿಸಿದರು. ಮೂರು ಮೂಕ ಮನೆಗಳನ್ನು ಅವರ ಬೆರಳು ನೋಡದೆಯೇ ದಾಟಿಕೊಂಡು ಹೋಯಿತು. ಅಮ್ಮ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು, ಒಲೆಯ ಮೇಲೆ ಹಾಲಿತ್ತು, ಅದು ಉಕ್ಕಿ ಹರಿಯುವವರೆಗೂ ಯಾರೂ ಅಲ್ಲಾಡಲಿಲ್ಲ.