ಹೆಂಚಿನ ಮೇಲೆ ಬರೆದಿದ್ದ ಊರು

ಪುತ್ತೂರಿನ ಹತ್ತಿರದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಅಂಗಾತ ಮಲಗಿದರೆ ಪಕ್ಕಾಸು ರೀಪುಗಳ ನಡುವೆ ಹೆಂಚಿನ ಒಳಮೈ ಕಾಣುತ್ತದೆ. ಒಂದೊಂದರ ಮೇಲೂ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಾಸೆಲ್ ಮಿಷನ್’ ಎಂಬ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿವೆ. ಬೇಸಗೆ ರಜೆಯಲ್ಲಿ ಅಡಿಕೆ ಮೂಟೆಗಳ ನಡುವೆ ಬಿದ್ದುಕೊಂಡು ನಾನು ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಪದಗಳು ಅವೇ. ಬಾಸೆಲ್ ಎಂದರೆ ಹೆಂಚಿನ ಹೆಸರು ಎಂದೇ ತಿಳಿದಿದ್ದೆ. ಅದು ಸ್ವಿಟ್ಜರ್ಲೆಂಡಿನ ಒಂದು ಊರು, ಅಲ್ಲಿಂದ ಬಂದ ಕ್ರೈಸ್ತ ಮಿಷನರಿಗಳ ಸಂಸ್ಥೆ ಮಂಗಳೂರಿನಲ್ಲಿ ನಡೆಸುತ್ತಿದ್ದ ಕಾರ್ಖಾನೆಯ ಹೆಂಚುಗಳು ಇವು ಎಂದು ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ. ಮುಂದೆ ಕನ್ನಡ ಅಧ್ಯಾಪಕಿಯಾಗಿ ಮೂವತ್ತು ವರ್ಷ, ಅದೇ ಸಂಸ್ಥೆಯಿಂದ ಬಂದ ಕಿಟ್ಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟಿನ ಆಸರೆಯಲ್ಲಿ ಪಾಠ ಮಾಡಿದೆ. ಆ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಯಾವಾಗ ಮೊಳೆಯಿತೋ ಹೇಳಲಾರೆ.

ಮಗಳ ಮನೆಗೆಂದು ಜರ್ಮನಿಯ ಫ್ರೈಬುರ್ಗಿಗೆ ಹೋದಾಗ, ಅಲ್ಲಿಂದ ಬಾಸೆಲ್ ರೈಲಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ ಎಂದು ತಿಳಿಯಿತು. ಮಗಳಿಗೂ ಅಳಿಯನಿಗೂ ರಜೆ ಇರಲಿಲ್ಲ. “ಅಮ್ಮ, ನೀನೊಬ್ಬಳೇ ಹೋಗ್ತೀಯಾ?” ಎಂದು ಮಗಳು ಎರಡು ಸಲ ಕೇಳಿದಳು. ಐವತ್ತಾರನೆಯ ವಯಸ್ಸಿನವರೆಗೂ ನಾನು ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಮಲಗಿದವಳಲ್ಲ. ಆದರೂ ಹೋಗುತ್ತೇನೆ ಎಂದೆ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟಕ್ಕೆ ಸೇರಿಲ್ಲವಾದರೂ ಷೆಂಗೆನ್ ವ್ಯವಸ್ಥೆಯೊಳಗಿರುವುದರಿಂದ ಜರ್ಮನಿಗೆ ಪಡೆದ ವೀಸಾವೇ ಸಾಕಾಯಿತು. ಹಣ ಮಾತ್ರ ಯೂರೋ ಅಲ್ಲ, ಫ್ರಾಂಕ್.

ರೈಲು ನಿಂತದ್ದು ಬಾಡಿಷರ್ ಬಾನ್‌ಹೋಫ್ ಎಂಬ ನಿಲ್ದಾಣದಲ್ಲಿ. ನೆಲ ಸ್ವಿಟ್ಜರ್ಲೆಂಡಿನದು, ನಿಲ್ದಾಣ ಜರ್ಮನ್ ರೈಲ್ವೆಯದು. ಬಾಸೆಲ್‌ನ ವಿಮಾನ ನಿಲ್ದಾಣವಂತೂ ಫ್ರಾನ್ಸಿನ ನೆಲದಲ್ಲಿದೆ. ಮೂರು ದೇಶಗಳು ರೈನ್ ನದಿಯ ದಡದಲ್ಲಿ ಸಂಧಿಸುವ ಈ ಊರಿನಲ್ಲಿ ಗಡಿ ಎಂಬುದು ಮನೆಯ ಹೊಸ್ತಿಲಿನಷ್ಟೇ ಸಹಜವಾಗಿ ಬಂದುಹೋಗುತ್ತದೆ. ಕ್ಲೈನ್‌ಬಾಸೆಲ್, ಎಂದರೆ ನದಿಯ ಬಲದಂಡೆಯ ಚಿಕ್ಕ ಬಾಸೆಲ್‌ನಲ್ಲಿ ನಾನು ಕೋಣೆ ಹಿಡಿದಿದ್ದೆ. ಊರಿನಲ್ಲಿ ತಂಗುವವರಿಗೆ ವಸತಿಗೃಹದವರೇ ಒಂದು ಕಾರ್ಡ್ ಕೊಡುತ್ತಾರೆ. ಅದನ್ನು ಇಟ್ಟುಕೊಂಡರೆ ಟ್ರಾಮಿಗೂ ಬಸ್ಸಿಗೂ ಟಿಕೆಟ್ ಬೇಡ. ಊಟದ ಬೆಲೆ ಕಂಡು ಎದೆ ಝಲ್ಲೆನ್ನುವ ಈ ದೇಶದಲ್ಲಿ ಅದು ದೊಡ್ಡ ಉಪಕಾರ. ಸಸ್ಯಾಹಾರಿಯಾದ ನನಗೆ ತುರಿದ ಆಲೂಗಡ್ಡೆಯನ್ನು ದೋಸೆಯಂತೆ ಹುರಿದು ಕೊಡುವ ರೋಸ್ಟಿ ಎರಡು ಹೊತ್ತಿನ ಊಟವಾಯಿತು. ಉಳಿದಂತೆ ಬ್ರೆಡ್ಡು, ಚೀಸು, ಹಣ್ಣು.

ಮೊದಲ ಸಂಜೆ ನದಿ ದಾಟಿದ್ದು ದೋಣಿಯಲ್ಲಿ. ಐದು ನಿಮಿಷ ನಡೆದರೆ ಸೇತುವೆ ಇದ್ದರೂ ಬಾಸೆಲ್‌ನವರು ತಮ್ಮ ನಾಲ್ಕು ದೋಣಿಗಳನ್ನು ಬಿಟ್ಟುಕೊಟ್ಟಿಲ್ಲ. ಅವುಗಳಿಗೆ ಎಂಜಿನ್ ಇಲ್ಲ, ಹುಟ್ಟು ಹಾಕುವವರೂ ಇಲ್ಲ. ದಡದಿಂದ ದಡಕ್ಕೆ ಎತ್ತರದಲ್ಲಿ ಬಿಗಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಇನ್ನೊಂದು ಹಗ್ಗದಿಂದ ಕಟ್ಟಿರುತ್ತಾರೆ. ಅಂಬಿಗ ದೋಣಿಯ ಮೂತಿಯನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದನೆಂದರೆ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಅಷ್ಟು ಜನರನ್ನು ಹೊತ್ತ ದೋಣಿ ಸದ್ದಿಲ್ಲದೆ ಸರಿಯುತ್ತಿದ್ದಾಗ ನೀರು ಹಲಗೆಗೆ ಬಡಿಯುವ ಸದ್ದೊಂದೇ ಕೇಳುತ್ತಿತ್ತು. ಸೇತುವೆಗಳಾಗುವ ಮುಂಚೆ ನೇತ್ರಾವತಿಯ ಕಡವುಗಳಲ್ಲಿ ಬಿದಿರ ಗಳ ಊರಿ ದಾಟಿಸುತ್ತಿದ್ದವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಸೇತುವೆ ಬಂದೊಡನೆ ನಾವು ಕಡವನ್ನು ಮರೆತೆವು, ಇವರು ಮರೆತಿಲ್ಲ.

ದೋಣಿಯಲ್ಲಿದ್ದವರ ಮಾತು ಮಗಳ ಮನೆಯಲ್ಲಿ ಕೇಳಿ ಕಿವಿಗೆ ಬಿದ್ದಿದ್ದ ಜರ್ಮನ್ ಅಲ್ಲ. ಇಲ್ಲಿಯ ಜನ ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಆಡುವುದು ತಮ್ಮ ಊರಿನ ಬಾಸೆಲ್ ಜರ್ಮನ್. ಪತ್ರಿಕೆ ಓದುವುದು, ಶಾಲೆಯಲ್ಲಿ ಬರೆಯುವುದು ಶಿಷ್ಟ ಜರ್ಮನ್. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಬರೆದು ಬೆಳೆದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ತರಬೇತಿ ಪಡೆದು ಬಂದವರು ಮಂಗಳೂರಿನಲ್ಲಿ ಕನ್ನಡದ ಜೊತೆಗೆ ತುಳುವನ್ನೂ ಶ್ರದ್ಧೆಯಿಂದ ಕಲಿತು ಅದಕ್ಕೂ ನಿಘಂಟು ಮಾಡಿದ್ದರ ಹಿಂದೆ, ಆಡುವ ನುಡಿಯನ್ನು ಕಡೆಗಣಿಸದ ಈ ಸೀಮೆಯ ರೂಢಿಯೂ ಇದ್ದಿರಬಹುದು ಎಂದು ನನಗೆ ಅನ್ನಿಸಿತು.

ದೋಣಿ ಇಳಿದು ಮೆಟ್ಟಿಲು ಹತ್ತಿದರೆ ಮ್ಯೂನ್‌ಸ್ಟರ್, ಕೆಂಪು ಮರಳುಗಲ್ಲಿನ ಹಿರಿಯ ಇಗರ್ಜಿ. 1356ರ ಭೂಕಂಪದಲ್ಲಿ ಕುಸಿದು ಮತ್ತೆ ಎದ್ದ ಕಟ್ಟಡ ಇದು. ನಾನು ಮೊದಲು ನೋಡಿದ್ದು ಅದರ ಮಾಡನ್ನೇ: ಹಸಿರು, ಹಳದಿ, ಕೆಂಪು ಬಣ್ಣದ ಮೆರುಗು ಹೆಂಚುಗಳನ್ನು ಚೌಕುಳಿಯಾಗಿ ಜೋಡಿಸಿದ್ದಾರೆ. ಒಳಗೆ 1536ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ವಿದ್ವಾಂಸ ಎರಾಸ್ಮಸ್‌ನ ಸಮಾಧಿಯಿದೆ. ಅವನು ಕೊನೆಯವರೆಗೂ ಕೆಥೊಲಿಕನಾಗಿಯೇ ಉಳಿದರೂ, ಅಷ್ಟರಲ್ಲಿ ಪ್ರಾಟೆಸ್ಟಂಟರದ್ದಾಗಿದ್ದ ಇಗರ್ಜಿಯವರು ಅವನಿಗೆ ಇಲ್ಲಿ ಜಾಗ ಕೊಟ್ಟರು. ಪಕ್ಕದ ಕಂಬಸಾಲಿನ ಅಂಗಳದಲ್ಲಿ ಗಣಿತಜ್ಞ ಯಾಕೊಬ್ ಬೆರ್ನುಲಿಯ ಸ್ಮಾರಕವಿದೆ. ಬೆಳೆದಷ್ಟೂ ತನ್ನ ಆಕಾರ ಬಿಡದ ಸುರುಳಿಯೊಂದನ್ನು ಅದರ ಮೇಲೆ ಕೆತ್ತಬೇಕೆಂಬುದು ಅವನ ಬಯಕೆಯಾಗಿತ್ತು. ಕಲ್ಲುಕುಟಿಗ ಕೆತ್ತಿದ್ದು ಬೇರೆ ಬಗೆಯ ಸುರುಳಿ. ಮುನ್ನೂರು ವರ್ಷಗಳಿಂದ ಅದು ಹಾಗೆಯೇ ಇದೆ.

ಎರಡನೆಯ ದಿನ ಬೆಳಿಗ್ಗೆ ಫೋನು ಸತ್ತುಹೋಗಿತ್ತು. ಜರ್ಮನಿಯ ಗೋಡೆಗೆ ಕೂರುತ್ತಿದ್ದ ನನ್ನ ಅಡಾಪ್ಟರ್ ಸ್ವಿಟ್ಜರ್ಲೆಂಡಿನ ಗೋಡೆಗೆ ಕೂರುವುದಿಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ. ನಕ್ಷೆಯಿಲ್ಲದೆ ಹೊರಟಾಗ ಹೆದರಿಕೆಯಾದದ್ದು ನಿಜ. ಆದರೆ ಮ್ಯೂನ್‌ಸ್ಟರಿನ ಎರಡು ಗೋಪುರಗಳೂ ನದಿಯೂ ಇರುವ ಊರಿನಲ್ಲಿ ದಾರಿ ತಪ್ಪುವುದು ಕಷ್ಟ. ಬೀದಿ ಬೀದಿಗೂ ಕುಡಿಯುವ ನೀರಿನ ಕಾರಂಜಿಗಳಿವೆ. ಅವುಗಳಲ್ಲಿ ಕೆಲವದರ ಮೇಲೆ ಹುಂಜದ ತಲೆ, ಹಾವಿನ ಬಾಲದ ಬಾಸಿಲಿಸ್ಕ್ ಎಂಬ ಪುರಾಣಜೀವಿ ರೆಕ್ಕೆ ಬಿಚ್ಚಿ ಕುಳಿತಿರುತ್ತದೆ. ಬಾಟಲಿ ತುಂಬಿಸಿಕೊಳ್ಳುತ್ತ, ನದಿಯನ್ನು ಎಡಕ್ಕೆ ಇಟ್ಟುಕೊಂಡು ಸಾಂಕ್ಟ್ ಆಲ್ಬಾನ್ ಕೇರಿಯ ಹಳೆಯ ಕಾಗದದ ಗಿರಣಿಯವರೆಗೆ ನಡೆದೆ.

ಈಗ ಅದು ಸಂಗ್ರಹಾಲಯ. ಕಾಲುವೆಯ ನೀರಿಗೆ ಚಕ್ರ ಇನ್ನೂ ತಿರುಗುತ್ತದೆ. ಚಿಂದಿ ಬಟ್ಟೆ ಅರೆದು ಮಾಡಿದ ತಿಳಿ ಹಿಟ್ಟಿನಂಥ ನೀರಿನ ತೊಟ್ಟಿಯಲ್ಲಿ ಜರಡಿಯಂಥ ಚೌಕಟ್ಟನ್ನು ಅದ್ದಿ ಎತ್ತುವುದನ್ನು ನನಗೂ ಕಲಿಸಿದರು. ಎತ್ತಿದ ಮೇಲೆ ಒಂದು ಕ್ಷಣ ಅಲ್ಲಾಡಿಸಬೇಕು; ಕೈ ಓಲಿದರೆ ಕಾಗದ ಒಂದು ಕಡೆ ದಪ್ಪ. ನನ್ನದು ನೀರುದೋಸೆಯ ಹಾಗೆ ತೂತು ತೂತಾಗಿ ಬಂತು. ಎರಾಸ್ಮಸ್ ಸಿದ್ಧಪಡಿಸಿದ ಬೈಬಲಿನ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ ಅಚ್ಚಾದದ್ದು ಈ ಊರಿನಲ್ಲಿ. ಅಚ್ಚಿನ ಅಂಥ ಪರಂಪರೆಯ ಊರಿನ ಸಂಸ್ಥೆ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದೇ ತಾರೀಕನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ.

ಮೂರನೆಯ ದಿನವನ್ನು ಮಿಷನ್ ಮನೆಗೆಂದೇ ಮೀಸಲಿಟ್ಟಿದ್ದೆ. ಹಳೆಯ ಕೋಟೆಬಾಗಿಲು ಸ್ಪಾಲೆನ್‌ಟೋರ್ ದಾಟಿದೊಡನೆ ಆರಂಭವಾಗುವ ಬೀದಿಗೆ ಮಿಷನ್ಸ್‌ಸ್ಟ್ರಾಸೆ ಎಂದೇ ಹೆಸರು. 1815ರಲ್ಲಿ ಹುಟ್ಟಿದ ಸಂಸ್ಥೆ 1860ರಲ್ಲಿ ಕಟ್ಟಿಕೊಂಡ ಈ ಉದ್ದನೆಯ ಮನೆಯಲ್ಲಿ ಹೆಚ್ಚಾಗಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು ವರ್ಷಗಟ್ಟಲೆ ಓದಿ ಹೊರಟುಹೋಗುತ್ತಿದ್ದರು. ಸಂಸ್ಥೆಯ ಮೊದಲ ಮೂವರು ಮಂಗಳೂರಿಗೆ ಬಂದದ್ದು ಈ ಮನೆ ಕಟ್ಟುವ ಮುಂಚೆಯೇ, 1834ರಲ್ಲಿ. ಕಿಟ್ಟೆಲ್ ಬಂದದ್ದು 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ. ಅವರೆಲ್ಲ ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ 1,700ಕ್ಕೂ ಹೆಚ್ಚು ಪುಟಗಳ ನಿಘಂಟು ಯಾವ ಮತಕ್ಕೂ ಸೇರದೆ ಕನ್ನಡಕ್ಕೆ ಸೇರಿತು.

ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದರಿಂದ ಪತ್ರಾಗಾರದಲ್ಲಿ ಕೂರಲು ಜಾಗ ಸಿಕ್ಕಿತು. ಅಲ್ಲಿಯ ಹಿರಿಯ ಮಹಿಳೆಯೊಬ್ಬರು ನನ್ನನ್ನು ಬಹಳ ಪ್ರೀತಿಯಿಂದ ಬರಮಾಡಿಕೊಂಡರು. ನಾನು ನಿಘಂಟಿನ ಸುದ್ದಿ ತೆಗೆದರೆ ಅವರು ಹೆಂಗಸರ ಸುದ್ದಿ ತೆಗೆದರು. ಹೊರನಾಡಿಗೆ ಹೋದ ತರುಣರು ಮದುವೆಯಾಗಬೇಕಾದರೆ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕಿದ ಮೇಲೆ ಇಲ್ಲಿಂದ ಹುಡುಗಿಯರು ಹಡಗು ಹತ್ತುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಗಂಡನಾಗುವವನ ಮುಖವನ್ನೇ ನೋಡಿದವರಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಆ ದಾರಿ ಎಷ್ಟು ದೂರ! ಮಕ್ಕಳಾದರೆ ಶಾಲೆಯ ವಯಸ್ಸಿಗೆ ಅವರನ್ನು ಇಲ್ಲಿಗೆ ಕಳುಹಿಸಬೇಕು, ಮತ್ತೆ ಅವರನ್ನು ಕಾಣುವುದು ಎಷ್ಟೋ ವರ್ಷಗಳ ಮೇಲೆ. ಕಿಟ್ಟೆಲ್ಲರ ಹೆಂಡತಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆಮೇಲೆ ಪೌಲೀನರ ಸಹೋದರಿ ಜೂಲಿ ಕಿಟ್ಟೆಲ್ಲರನ್ನು ಮದುವೆಯಾಗಿ ಅದೇ ಮನೆ ತುಂಬಿದರು. ನಿಘಂಟನ್ನು ಅಷ್ಟು ವರ್ಷ ಬಳಸಿದ ನಾನು ಈ ಇಬ್ಬರ ಹೆಸರನ್ನು ಒಮ್ಮೆಯೂ ತರಗತಿಯಲ್ಲಿ ಹೇಳಿರಲಿಲ್ಲ. ಒಂದು ಗಂಟೆಯ ರೈಲು ಪ್ರಯಾಣಕ್ಕೆ ನಾನು ಪಟ್ಟ ಅಳುಕು ನೆನಪಾಗಿ, ಸ್ವಲ್ಪ ಹೊತ್ತು ಏನೂ ಓದಲಾಗಲಿಲ್ಲ.

ಸತ್ತ ಫೋನಿನೊಳಗೆ ನಮ್ಮ ಅಟ್ಟದ ಹೆಂಚಿನ ಚಿತ್ರವಿತ್ತು. ಅದನ್ನು ತೋರಿಸಲಾಗದೆ ಹಾಳೆಯ ಮೇಲೆ ಬರೆದು ತೋರಿಸಿದಾಗ ಆಕೆ ಎದ್ದು ಹೋಗಿ ಹೆಂಚಿನ ಕಾರ್ಖಾನೆಯ ಫೋಟೋಗಳನ್ನು ತಂದರು. ಒಂದರಲ್ಲಿ ಸಾಲಾಗಿ ನಿಂತ ಹೆಣ್ಣಾಳುಗಳು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಬರಿಗಾಲು. ಪಾದ್ರಿಗಳ ಹೆಸರೂ ಹುಟ್ಟಿದ ಊರೂ ಕಡತಗಳಲ್ಲಿ ಅಚ್ಚುಕಟ್ಟಾಗಿವೆ. ಈ ಹೆಂಗಸರ ಹೆಸರು ಚಿತ್ರದ ಹಿಂದೆಯೂ ಇರಲಿಲ್ಲ. ತುದಿಯಲ್ಲಿ ನಿಂತವಳ ತಲೆಯ ಮೇಲಿದ್ದುದನ್ನು ತೋರಿಸಿ, ಅದು ಟೋಪಿಯೇ ಎಂದು ಆಕೆ ಕೇಳಿದರು. ಹೊರೆ ಒತ್ತದಂತೆ ಬಟ್ಟೆಯನ್ನು ಸುತ್ತಿ ಇಟ್ಟುಕೊಳ್ಳುವುದು ಎಂದು ನನ್ನ ಶಾಲನ್ನು ಸುತ್ತಿಯೇ ತೋರಿಸಿದೆ. ಹೆಸರು ಕೇಳಿದರು. ‘ಸಿಂಬೆ’ ಎಂದು ಕನ್ನಡದಲ್ಲಿ ಬರೆದುಕೊಟ್ಟೆ. ಕಪಾಟಿನಲ್ಲಿದ್ದ ನಿಘಂಟನ್ನು ಇಬ್ಬರೂ ಸೇರಿ ಮೇಜಿನ ಮೇಲೆ ತೆರೆದೆವು. ಸಕಾರದ ಪುಟಗಳಲ್ಲಿ ಅದು ಸಿಕ್ಕಿತು. ಇಂಗ್ಲಿಷ್ ಅರ್ಥವನ್ನು ಮೆಲ್ಲಗೆ ಓದಿದ ಆಕೆ, ಫೋಟೋವನ್ನು ಹತ್ತಿರಕ್ಕೆಳೆದು, ಆ ಹೆಂಗಸಿನ ಮುಖವನ್ನು ಮತ್ತೊಮ್ಮೆ ನೋಡಿದರು.