ಗೋಪುರದ ಕಳಸ ಕೊನೆಗೂ ಎರಡೂ ಕಡೆ ಬಂತು

ಅಂತೂ ಬಂತು! ಇಳಕಲ್ ಸೀರೆಯ ಸೆರಗಿನ ಪಕ್ಕ ಹಾಕುತ್ತಿರುವ ಕಸೂತಿ ಗೋಪುರದ ಕಳಸ ಈಗ ಯಾವ ಕಡೆಯಿಂದ ನೋಡಿದರೂ ಒಂದೇ ತರ ಇದೆ. ಪೀಠ, ಅಂತಸ್ತು, ಪಕ್ಕದ ಆನೆ ಎಲ್ಲ ಸರಾಗವಾಗಿ ಆದವು. ತಲೆ ತಿಂದಿದ್ದು ತುದಿಯ ಆ ಪುಟ್ಟ ಡೈಮಂಡ್ ಒಂದೇ.

ಗವಂತಿ ಅಂದರೆ ಎರಡೂ ಕಡೆ ಒಂದೇ ತರ ಕಾಣುವ ಕಸೂತಿ ಹೊಲಿಗೆ; ಅದರಲ್ಲಿ ದಾರ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ಕಳಸದ ಕೆಳಗಿನ ಚಿಕ್ಕ ತ್ರಿಕೋನಗಳಿಗೆ ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ ಸಾಕು, ಮೂರೂ ಬದಿ ಮುಚ್ಚಿಕೊಳ್ಳುತ್ತಿದ್ದವು. ಡೈಮಂಡಿಗೂ ಹಾಗೇ ಎರಡು ಸುತ್ತು ಹಾಕಿದರೆ ಮುಂದೆ ಎರಡು ಬದಿಗೆ ಜೋಡಿ ದಾರ, ಉಳಿದೆರಡು ಖಾಲಿ. ತಿರುಗಿಸಿ ನೋಡಿದರೆ ಇಲ್ಲಿ ಖಾಲಿ ಇದ್ದವು ಅಲ್ಲಿ ದಪ್ಪ. ಬಿಚ್ಚಿ ಬಿಚ್ಚಿ ರೇಷ್ಮೆ ಎಳೆ ಜುಂಗು ಜುಂಗಾಯಿತು.

ಕೊನೆಗೆ ಗ್ರಾಫ್ ಹಾಳೆ ತೆಗೆದು ಪ್ರತಿ ಹೊಲಿಗೆಗೂ ಮೇಲೆ, ಕೆಳಗೆ ಅಂತ ಬರೆದೆ. ಗುಟ್ಟು ಅಲ್ಲೇ ಇತ್ತು. ತ್ರಿಕೋನಕ್ಕೆ 3 ಬದಿ. ನಾಲ್ಕನೇ ಹೊಲಿಗೆ ಮೊದಲ ಬದಿಗೆ ಮರಳುವಾಗ ದಾರ ಕೆಳಗಿರುತ್ತದೆ, ಹಾಗಾಗಿ ಜಾಗ ತುಂಬುತ್ತದೆ. ಡೈಮಂಡಿಗೆ 4 ಬದಿ. ಐದನೇ ಹೊಲಿಗೆ ಮೊದಲ ಬದಿಗೆ ಬಂದಾಗ ದಾರ ಮತ್ತೆ ಮೇಲೇ! ಬೆಸ ಸಂಖ್ಯೆಯ ಬದಿಗಳಿದ್ದರೆ ಸುತ್ತು ಹೊಡೆಯಬಹುದು, ಸರಿಸಂಖ್ಯೆ ಇದ್ದರೆ ಆಗುವುದೇ ಇಲ್ಲ.

ಹಾಗಾದರೆ ದಾರಿ? ಒಂದು ಸುತ್ತು ಮುಗಿದ ತೂತಿನಲ್ಲೇ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ನಾಲ್ಕನೇ ಬದಿ ಕೆಳಗೆ ಮುಗಿದಿತ್ತಲ್ವಾ, ಐದನೇ ಹೊಲಿಗೆ ಅದೇ ಬದಿಯ ಮೇಲೆ. ಆರನೆಯದು ಮೂರನೇ ಬದಿಯ ಕೆಳಗೆ. ಎಂಟನೆಯದಕ್ಕೆ ನಾಲ್ಕೂ ಬದಿ ಎರಡೂ ಕಡೆ ಭರ್ತಿ. ಮುಖ್ಯ ಸಾಲಿನಿಂದ ಪಕ್ಕಕ್ಕೆ ಒಡೆಯುವ ಕವಲುಗಳಿಗೂ ಇದೇ ನಿಯಮ. ಕವಲು ಎಷ್ಟೇ ಉದ್ದ ಇರಲಿ, ಹೋಗಿ ಬಂದರೆ ಒಟ್ಟು ಸರಿಸಂಖ್ಯೆ. ಮುಖ್ಯ ಸಾಲು ನಿಲ್ಲಿಸಿದ ಲೆಕ್ಕದಲ್ಲೇ ಮುಂದುವರಿಯುತ್ತದೆ. ಗಂಟು ಹಾಕದೆ, ಬಟ್ಟೆ ಮೇಲೆ ಗೆರೆ ಎಳೆಯದೆ, ಬರೀ ಎಳೆ ಎಣಿಸಿ ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ಹಾಕುತ್ತಿದ್ದ ನಮ್ಮ ಕಡೆಯ ಹೆಂಗಸರಿಗೆ ಕೈ ಮುಗಿಯಬೇಕು.

ಧಾರವಾಡದ ಅತ್ತೆಗೆ ತೋರಿಸಿದೆ. ಮುಂಭಾಗ ನೋಡಲೇ ಇಲ್ಲ. "ಮೊದ್ಲ ಹಿಂದ ತಿರುವು" ಅಂದರು. ಬೆರಳಾಡಿಸಿ ನೋಡಿ, "ಈಗ ಗವಂತಿ ಆತು ನೋಡು" ಅಂದರು. ಇದಕ್ಕಿಂತ ದೊಡ್ಡ ಬಹುಮಾನ ನನಗೆ ಬೇಡ.

ಅಂಗಡಿಯವರ ಬಗ್ಗೆ ಮಾತ್ರ ಸಿಟ್ಟಿದೆ. ಅಭ್ಯಾಸಕ್ಕೆ ತಂದ ಮ್ಯಾಟಿ ಬಟ್ಟೆಯಲ್ಲಿ (ಎಳೆ ಎಣಿಸಲು ಸುಲಭವಾದ ನೇಯ್ಗೆಯ ಬಟ್ಟೆ) ಹಾಸಿಗಿಂತ (ಉದ್ದದ ಎಳೆ) ಹೊಕ್ಕು (ಅಡ್ಡ ಎಳೆ) ಜಾಸ್ತಿ ಒತ್ತಾಗಿತ್ತು. ಎಣಿಕೆ ಸರಿಯಿದ್ದರೂ ಗೋಪುರ ಕುಳ್ಳಗಾಗಿ ಕೂತಿತು. ಇನ್ನೊಬ್ಬರು "ಪಕ್ಕಾ ಬಣ್ಣ" ಅಂತ ಕೊಟ್ಟ ಕೆಂಪು ದಾರ ಒದ್ದೆ ಬೆರಳು ತಾಗಿದರೇ ಬಣ್ಣ ಬಿಡುತ್ತದೆ. ಬಿಳಿ ಎಳೆ ಪಕ್ಕ ಇಟ್ಟರೆ ಕಥೆ ಮುಗೀತು. ದಾರ ತಂದ ತಕ್ಷಣ ಒಂದು ತುಂಡು ನೆನೆಸಿ, ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ.

ಆನೆಯ ಅಂಬಾರಿ ಇನ್ನೂ ಬಾಕಿ, ಆದರೆ ಮನಸ್ಸು ಆಗಲೇ ಗುಳೇದಗುಡ್ಡ ಖಣದ ಕುಪ್ಪಸಕ್ಕೆ ಓಡಿದೆ. ತೋಳಿಗೆ ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆಯಲ್ಲಿ ಮೆಟ್ಟಿಲು ಸಾಲು, ಬೆನ್ನಿಗೆ ಗುಣಾಕಾರ ಚಿಹ್ನೆಯಂತೆ ದಾಟುವ ಮೆಂತಿ ಹೊಲಿಗೆಯಲ್ಲಿ ತುಳಸಿ ಕಟ್ಟೆ. ಖಣದ ನೇಯ್ಗೆ ತುಂಬಾ ಒತ್ತು, ಎಳೆ ಎಣಿಸಲು ಆಗುವುದಿಲ್ಲ, ಮೇಲೆ ಎಳೆ ಎಣಿಸಲು ಬರುವ ಕ್ಯಾನ್ವಾಸ್ ಬಟ್ಟೆ ಕಟ್ಟಲೇಬೇಕು. ಆಮೇಲೆ ಕ್ಯಾನ್ವಾಸಿನ ಎಳೆ ಕೀಳುವಾಗ ಮೆಂತಿ ಹೊಲಿಗೆ ಸಡಿಲವಾಗದಂತೆ ನೀವು ಏನು ಮಾಡುತ್ತೀರಿ? ಖಣದ ಮೇಲೆ ಹಾಕಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಬಟ್ಟೆ ಆಗಲೇ ಕತ್ತರಿಸಿ ಇಟ್ಟಿದ್ದೇನೆ.