ಲೇಬಲ್ ಕೆರೆದ ಡಬ್ಬಿ

ಆಗಸ್ಟ್ 5, 2025, ಮಂಗಳವಾರ
ಬದಿಯಡ್ಕ

ಆಟಿಯ ಮಳೆಗೆ ಪೇಟೆಯಲ್ಲಿ ಜನವೇ ಇಲ್ಲ. ನಮ್ಮ ಮದ್ದಿನಂಗಡಿ ಖಾಲಿಯಾದ ಹೊತ್ತು ನೋಡಿಯೇ ಆ ಅಕ್ಕ ಒಳಗೆ ಬಂದದ್ದು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಗಂಟುನೋವಿಗೆ ಬರೆದ ಕ್ಯಾಲ್ಸಿಯಂ ಚೀಟಿ ಕೊಟ್ಟರು. ಆಮೇಲೆ ಬ್ಯಾಗಿನಿಂದ ಬಿಳಿ ಡಬ್ಬಿಯೊಂದನ್ನು ತೆಗೆದು, “ಅಣ್ಣಾ, ಇದರೊಟ್ಟಿಗೆ ತಿಂದರೆ ತೊಂದರೆ ಉಂಟಾ?” ಎಂದರು. ಲೇಬಲನ್ನು ಉಗುರಿನಿಂದ ಕೆರೆದಿದ್ದರು. ಉಳಿದ ಅಂಟಿಗೆ ಧೂಳು ಹಿಡಿದು ಕಪ್ಪಾಗಿತ್ತು.

“ಉಷಸ್‌ನದ್ದಾ?” ಎಂದೆ. ಹೌದೆಂದು ತಲೆಯಾಡಿಸಿದರು. ಕೇರಳದಲ್ಲಿ ಎಚ್‌ಐವಿಗೆ ಮದ್ದು ಕೊಡುವ ಎಆರ್‌ಟಿ ಕೇಂದ್ರಕ್ಕೆ ಅದೇ ಹೆಸರು. ಎಚ್‌ಐವಿ ಎಂಬ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ.

ಡಬ್ಬಿಯಲ್ಲಿದ್ದದ್ದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಎಲ್ಲ ಸೇರಿ ದಿನಕ್ಕೊಂದೇ ಮಾತ್ರೆ. ಮೊದಲು ಡೊಲುಟೆಗ್ರಾವಿರ್ ಜಾಗದಲ್ಲಿ ಎಫಾವಿರೆಂಜ್ ಇರುತ್ತಿತ್ತು. “ಅದು ತಿಂದರೆ ತಲೆ ತಿರುಗುವುದು, ರಾತ್ರಿಯಿಡೀ ಕೆಟ್ಟ ಕನಸು. ಇದು ಪಾಪದ್ದು,” ಎಂದರು ಅಕ್ಕ.

ಪಾಪದ್ದೇ, ಆದರೆ ಇದಕ್ಕೂ ಒಂದು ಹಟ ಉಂಟು. ವೈರಸ್ಸು ತನ್ನ ಜೀನನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಸುವುದು ಇಂಟಿಗ್ರೇಸ್ ಎಂಬ ಕಿಣ್ವದ ಬಲದಿಂದ. ಆ ಕಿಣ್ವದೊಳಗಿನ ಮೆಗ್ನೀಸಿಯಂ ಅಯಾನುಗಳನ್ನು ಡೊಲುಟೆಗ್ರಾವಿರ್ ಹಿಡಿದುಕೊಳ್ಳುತ್ತದೆ, ಸೇರಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಲೋಹ ಕಂಡರೆ ಹಿಡಿಯುವ ಆ ಗುಣ ಹೊಟ್ಟೆಯಲ್ಲೂ ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ ಏನು ಸಿಕ್ಕಿದರೂ ಅಂಟಿಕೊಂಡು, ಮದ್ದು ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ.

ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. “ಊಟದೊಟ್ಟಿಗಾದರೆ ಎರಡನ್ನೂ ತಿನ್ನಬಹುದು. ಖಾಲಿ ಹೊಟ್ಟೆಗಾದರೆ ಆ ಮದ್ದು ಮೊದಲು, ಎರಡು ಗಂಟೆ ಬಿಟ್ಟು ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮೊದಲು ತಿಂದರೆ ಆರು ಗಂಟೆ ಕಾಯಬೇಕು,” ಎಂದು ಚೀಟಿಯ ಹಿಂದೆ ಬರೆದುಕೊಟ್ಟೆ. ಲೋಹವಿರುವ ಗ್ಯಾಸಿನ ಸಿರಪ್ಪಿಗೆ ಊಟದ ರಿಯಾಯಿತಿ ಇಲ್ಲ, ಅದಕ್ಕೆ ಅಂತರ ಬೇಕೇ ಬೇಕು. ನಮ್ಮೂರಲ್ಲಿ ಅದನ್ನು ನೀರಿನ ಹಾಗೆ ಕುಡಿಯುತ್ತಾರೆ, ಕೇಳದಿದ್ದರೂ ಹೇಳಿದೆ.

ಹೊರಡುವಾಗ ಶುಗರಿನ ಮದ್ದನ್ನೂ ಕೇಳಿದರು. ಮೆಟ್‌ಫಾರ್ಮಿನ್! ಡೊಲುಟೆಗ್ರಾವಿರ್ ಜೊತೆಗಿದ್ದರೆ ಅದು ರಕ್ತದಲ್ಲಿ ಏರುತ್ತದೆ, ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಇವರ ಚೀಟಿಯಲ್ಲಿ 500ರದ್ದು ಎರಡು ಹೊತ್ತು, ಸದ್ಯ ಸರಿ. ಮುಂದೆ ಹೆಚ್ಚಿಸಿದರೆ?

“ಶುಗರಿನ ಡಾಕ್ಟರಿಗೆ ಈ ಡಬ್ಬಿ ತೋರಿಸಿದ್ದೀರಾ ಅಕ್ಕ?”

“ಅದು ಮಾತ್ರ ಬೇಡ ಅಣ್ಣ. ಅಲ್ಲಿಯ ನರ್ಸು ನಮ್ಮ ವಠಾರದವಳು.”